ಮನೆಯ ಚಿತ್ರಮಂದಿರಕ್ಕೆ ಕಿರುಗಣಕದ ಆಯ್ಕೆ

ಚಲನಚಿತ್ರವನ್ನು ನೋಡಬೇಕಾದರೆ ಊರಿನ ಟಾಕೀಸಿಗೇ ಹೋಗಬೇಕಾಗಿದ್ದ ಕಾಲವು ಕಳೆದು ಬಹಳ ವರ್ಷಗಳಾದವು. ದೊಡ್ಡ ಪರದೆಯ ಒಂದು ಟಿ.ವಿ., ಅದರ ಸುತ್ತ ನಾಲ್ಕಾರು ಸ್ಪೀಕರುಗಳು, ಅವುಗಳಿಗೆ ಧ್ವನಿಯನ್ನು ಹಂಚುವ ಒಂದು ಆಂಪ್ಲಿಫೈಯರ್, ಇಷ್ಟು ಕೂಡಿದರೆ ಮನೆಯ ಪಡಸಾಲೆಯೇ ಸಣ್ಣದೊಂದು ಚಿತ್ರಮಂದಿರವಾಗುತ್ತದೆ. ಹೋಮ್ ಥಿಯೇಟರ್ ಎಂದು ಜನರು ಕರೆಯುವುದು ಇದನ್ನೇ. ಟಾಕೀಸಿನಲ್ಲಿ ಪ್ರೊಜೆಕ್ಟರಿನ ಕೋಣೆಗೆ ಯಾವ ಸ್ಥಾನವಿತ್ತೋ ಆ ಸ್ಥಾನವನ್ನು ಇಲ್ಲಿ ಚಿತ್ರವನ್ನು ಒದಗಿಸುವ ಯಂತ್ರವು ಪಡೆದಿದೆ. ಮೊದಲು ಆ ಸ್ಥಾನದಲ್ಲಿ ವಿ.ಸಿ.ಆರ್. ಇದ್ದಿತು; ಆಮೇಲೆ ಡಿ.ವಿ.ಡಿ. ಪ್ಲೇಯರ್ ಬಂದಿತು, ಈಗ ಅನೇಕ ಮನೆಗಳಲ್ಲಿ ಅಂಗೈಯಗಲದ ಗಣಕಯಂತ್ರವೊಂದು ಬಂದು ಕುಳಿತಿದೆ. ಇಂಥ ಗಣಕವನ್ನು ಆರಿಸುವಾಗ ಯಾವ ಯಾವ ಸಂಗತಿಗಳನ್ನು ವಿಚಾರಿಸಬೇಕೆಂಬುದನ್ನು ತಿಳಿದುಕೊಳ್ಳುವುದು ಅವಶ್ಯವಾಗಿದೆ. ಏಕೆಂದರೆ ಅಂಗಡಿಯಲ್ಲಿ ಎಲ್ಲ ಪೆಟ್ಟಿಗೆಗಳೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಅವುಗಳ ಅಂತರವು ತಿಳಿಯುವುದು ಮನೆಗೆ ತಂದು, ದುಡ್ಡು ಕೊಟ್ಟಾದ ಮೇಲೆಯೇ.

ಮೊಟ್ಟಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಇದು ಬೇಕೇ ಎಂಬುದು. ನೆಟ್‌ಫ್ಲಿಕ್ಸ್, ಯೂಟ್ಯೂಬ್ ಮುಂತಾದ ಸೇವೆಗಳನ್ನಷ್ಟೇ ನೋಡುವ ಮನೆಗೆ ಪ್ರತ್ಯೇಕವಾದ ಗಣಕದ ಅಗತ್ಯವಿಲ್ಲ. ಇಂದಿನ ಟಿ.ವಿ.ಗಳಲ್ಲಿಯೇ ಆ ಸೌಕರ್ಯವಿರುತ್ತದೆ, ಇಲ್ಲದಿದ್ದರೆ ಟಿ.ವಿ.ಯ ಹಿಂದೆ ಚುಚ್ಚುವ, ಹೆಸರುವಾಸಿಯಾದ ತಯಾರಕರ ಒಂದು ಕಡ್ಡಿ ಸಾಕು. ಗಣಕವು ನಿಜವಾಗಿ ಬೇಕಾಗುವುದು ತಮ್ಮದೇ ಆದ ಚಿತ್ರಸಂಗ್ರಹವುಳ್ಳವರಿಗೆ. ಹಳೆಯ ವಿ.ಸಿ.ಡಿ., ಡಿ.ವಿ.ಡಿ.ಗಳು, ಮದುವೆ ಮುಂಜಿವೆಗಳ ವಿಡಿಯೋ ಕ್ಯಾಸೆಟ್ಟಿನಿಂದ ಇಳಿಸಿಟ್ಟ ಫೈಲುಗಳು, ಸಂಗೀತದ ಧ್ವನಿಮುದ್ರಣಗಳು, ಸಾವಿರಾರು ಛಾಯಾಚಿತ್ರಗಳು, ಇವನ್ನೆಲ್ಲ ಒಂದೆಡೆ ಕೂಡಿಸಿ, ಕುಳಿತಲ್ಲಿಂದಲೇ ಆರಿಸಿ ನೋಡಬೇಕೆನ್ನುವವರಿಗೆ ಟಿ.ವಿ.ಯೊಳಗಿನ ಸೌಕರ್ಯವು ಸಾಲದು.

ಈ ಬಗೆಯ ಗಣಕದ ಇತಿಹಾಸವು ದೀರ್ಘವಾದುದಲ್ಲ. ೨೦೦೨ರಲ್ಲಿ ಕೆಲವು ಹವ್ಯಾಸಿಗಳು ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯಲ್ಲಿ ಚಲನಚಿತ್ರಗಳನ್ನು ತೋರಿಸಲು ಒಂದು ತಂತ್ರಾಂಶವನ್ನು ಬರೆಯತೊಡಗಿದರು. ಅದೇ ಮುಂದೆ ಬೆಳೆದು, ೨೦೧೪ರಲ್ಲಿ ಕೋಡಿ ಎಂಬ ಹೊಸ ಹೆಸರನ್ನು ತಾಳಿ, ಇಂದಿಗೂ ಉಚಿತವಾಗಿ ದೊರೆಯುತ್ತಲಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ತಾನೇ ಹೊರತಂದಿದ್ದ ಮೀಡಿಯಾ ಸೆಂಟರ್ ಎಂಬುದನ್ನು ೨೦೧೫ರ ವಿಂಡೋಸ್ ೧೦ರಲ್ಲಿ ಕೈಬಿಟ್ಟಿತು, ಹವ್ಯಾಸಿಗಳದು ಉಳಿಯಿತು! ೨೦೦೫ರ ಜನವರಿಯಲ್ಲಿ ಆ್ಯಪಲ್ ಸಂಸ್ಥೆಯು ಆರೂವರೆ ಅಂಗುಲ ಚೌಕದ, ಎರಡಂಗುಲ ಎತ್ತರದ ಮ್ಯಾಕ್ ಮಿನಿಯನ್ನು ಬಿಡುಗಡೆ ಮಾಡಿದಾಗ, ಗಣಕವೆಂದರೆ ಮೇಜಿನ ಕೆಳಗಿನ ದೊಡ್ಡ ಡಬ್ಬಿಯೆಂಬ ಭಾವನೆಯು ಸಡಿಲವಾಯಿತು. ೨೦೧೨ರ ಫೆಬ್ರುವರಿ ೨೯ರಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಮೂವತ್ತೈದು ಡಾಲರಿನ ಫಲಕವು ಶಾಲೆಯ ಮಕ್ಕಳ ಕಲಿಕೆಗಾಗಿ ನಿರ್ಮಿತವಾದುದು. ಆದರೆ ಅದನ್ನು ಟಿ.ವಿ.ಯ ಹಿಂದೆ ಕಟ್ಟಿದ ದೊಡ್ಡವರೂ ಕಡಿಮೆಯೇನಿಲ್ಲ. ಇಂಟೆಲ್ ಸಂಸ್ಥೆಯ ನಾಲ್ಕಂಗುಲ ಚೌಕದ ಎನ್.ಯು.ಸಿ. ಗಣಕಗಳೂ ಅದೇ ಸುಮಾರಿಗೆ ಬಂದವು. ೨೦೨೩ರ ಜುಲೈಯಲ್ಲಿ ಇಂಟೆಲ್ ಅದರಿಂದ ಹಿಂದೆಗೆಯಿತು. ಅಂದಿನಿಂದ ಏಸಸ್ ಸಂಸ್ಥೆಯು ಆ ಕುಲವನ್ನು ಮುಂದುವರಿಸಿದೆ.

ಇನ್ನು ಮುಖ್ಯ ವಿಷಯಕ್ಕೆ ಬರಬಹುದು. ಗಣಕವು ಎಷ್ಟು ವೇಗದ್ದು, ಎಷ್ಟು ಜಿ.ಬಿ. ಸ್ಮೃತಿಯುಳ್ಳದ್ದು ಎಂದು ಕೇಳುವುದು ಎಲ್ಲರ ರೂಢಿ. ಚಿತ್ರವನ್ನು ತೋರಿಸುವ ಕೆಲಸಕ್ಕೆ ಈ ಪ್ರಶ್ನೆಯು ಅಷ್ಟು ಮಹತ್ತ್ವದ್ದಲ್ಲ. ಅದೇಕೆಂಬುದು ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟವಾಗುವುದು. ಫುಲ್ ಎಚ್.ಡಿ. ಚಿತ್ರವೊಂದರಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦, ಒಟ್ಟು ೨೦,೭೩,೬೦೦ ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಗೂ ಮೂರು ಮೂಲವರ್ಣಗಳಿಗಾಗಿ ಮೂರು ಬೈಟುಗಳೆಂದರೆ ಒಂದು ಫ್ರೇಮಿಗೆ ೬೨ ಲಕ್ಷ ಬೈಟುಗಳಾದವು. ಸೆಕೆಂಡಿಗೆ ೨೪ ಫ್ರೇಮುಗಳಂತೆ ಎರಡೂವರೆ ತಾಸಿನ ಚಿತ್ರಕ್ಕೆ ಸುಮಾರು ೧,೩೪೦ ಗಿಗಾಬೈಟ್ ಸ್ಥಳ ಬೇಕು. ಆದರೆ ಎರಡು ಪದರಗಳುಳ್ಳ ಬ್ಲೂ-ರೇ ಡಿಸ್ಕಿನಲ್ಲಿ ಹಿಡಿಯುವುದು ೫೦ ಗಿಗಾಬೈಟ್ ಮಾತ್ರ. ಅಂದರೆ ಚಿತ್ರವನ್ನು ಇಪ್ಪತ್ತೇಳು ಪಟ್ಟಿನಷ್ಟು ಒತ್ತಿ, ಅಡಕಗೊಳಿಸಿ ಇಟ್ಟಿರುತ್ತಾರೆ. ಅಂತರ್ಜಾಲದ ಮೂಲಕ ಬರುವ ಚಿತ್ರವಾದರೆ ಇದಕ್ಕಿಂತಲೂ ಎಷ್ಟೋ ಹೆಚ್ಚು ಒತ್ತಲ್ಪಟ್ಟಿರುತ್ತದೆ. ಹೀಗೆ ಮಡಿಚಿ ಗಂಟು ಕಟ್ಟಿದ್ದನ್ನು ಸೆಕೆಂಡಿಗೆ ೨೪ ಸಲ, ಒಂದು ಸಲವೂ ತಪ್ಪದೆ, ಬಿಡಿಸಿ ಹರಡುವುದೇ ಗಣಕದ ಕೆಲಸ.

ಗಂಟು ಕಟ್ಟುವ ಈ ವಿಧಾನಗಳಿಗೆ ಕೋಡೆಕ್ ಎಂದು ಹೆಸರು. ಡಿ.ವಿ.ಡಿ.ಯಲ್ಲಿರುವುದು ಎಂಪೆಗ್-೨, ೨೦೦೩ರಲ್ಲಿ ಎಚ್.೨೬೪, ೨೦೧೩ರಲ್ಲಿ ಎಚ್.೨೬೫, ೨೦೧೮ರಲ್ಲಿ ಎವಿ೧ ಎಂಬವು ಕ್ರಮವಾಗಿ ಸಿದ್ಧವಾದವು. ಎಚ್.೨೬೫ ವಿಧಾನವು ಎಚ್.೨೬೪ರ ಸುಮಾರು ಅರ್ಧದಷ್ಟು ಸ್ಥಳದಲ್ಲಿಯೇ ಅದೇ ಗುಣಮಟ್ಟದ ಚಿತ್ರವನ್ನು ಹಿಡಿಸಬಲ್ಲುದು. ಆದರೆ ಗಂಟು ಬಿಗಿಯಾದಷ್ಟೂ ಬಿಡಿಸುವ ಶ್ರಮವು ಹೆಚ್ಚು. ಈ ಶ್ರಮವನ್ನು ಗಣಕದ ಮುಖ್ಯ ಮಿದುಳಾದ ಪ್ರೊಸೆಸರಿನ ಮೇಲೆಯೇ ಹೊರಿಸಿದರೆ ಅದು ಬಿಸಿಯಾಗಿ, ಫ್ಯಾನು ಗಿರ್ರೆಂದು, ಕೊನೆಗೆ ಚಿತ್ರವೂ ತಡವರಿಸತೊಡಗುತ್ತದೆ. ಅದಕ್ಕಾಗಿ ಚಿಪ್ಪಿನೊಳಗೆ ಈ ಒಂದೇ ಕೆಲಸಕ್ಕೆ ಮೀಸಲಾದ ಪ್ರತ್ಯೇಕ ಭಾಗವನ್ನು ನಿರ್ಮಿಸಿರುತ್ತಾರೆ. ಆ ಭಾಗವು ಬಲ್ಲ ಕೋಡೆಕ್ ಆಗಿದ್ದರೆ ನಾಲ್ಕೈದು ವ್ಯಾಟಿನ ಚಿಕ್ಕ ಯಂತ್ರವೂ ನಿರಾಯಾಸವಾಗಿ ಚಿತ್ರವನ್ನು ತೋರಿಸುತ್ತದೆ. ಅದು ಅರಿಯದ ಕೋಡೆಕ್ ಆಗಿದ್ದರೆ ಬೆಲೆಬಾಳುವ ಗಣಕವೂ ಏದುಸಿರು ಬಿಡುತ್ತದೆ. ಆದುದರಿಂದ ಕೊಳ್ಳುವವರು ಕೇಳಬೇಕಾದುದು ವೇಗವನ್ನಲ್ಲ, ಈ ಚಿಪ್ಪು ಯಾವ ಯಾವ ಕೋಡೆಕ್‌ಗಳನ್ನು ತಾನೇ ಬಿಡಿಸಬಲ್ಲುದೆಂಬುದನ್ನು.

ಇದನ್ನು ಉದಾಹರಣೆಗಳಿಂದ ನೋಡಬಹುದು. ಮೊದಲ ರಾಸ್ಪ್‌ಬೆರಿ ಪೈ ಬಡ ಪ್ರೊಸೆಸರಿನದು, ಹಾಗಿದ್ದೂ ಎಚ್.೨೬೪ರ ಫುಲ್ ಎಚ್.ಡಿ. ಚಿತ್ರವನ್ನು ಸಲೀಸಾಗಿ ತೋರಿಸುತ್ತಿತ್ತು. ಆದರೆ ಅದಕ್ಕಿಂತ ಹಳೆಯದಾದ ಡಿ.ವಿ.ಡಿ.ಯ ಎಂಪೆಗ್-೨ಕ್ಕೆ ಬೇರೆಯಾಗಿ ಸಣ್ಣ ಶುಲ್ಕ ತೆತ್ತು ಪರವಾನಗಿಯ ಕೀಲಿಯನ್ನು ಪಡೆಯಬೇಕಾಗಿತ್ತು. ೨೦೧೯ರ ನಾಲ್ಕನೆಯ ಪೈ ಎಚ್.೨೬೫ರ ೪ಕೆ ಚಿತ್ರಗಳನ್ನೂ ಬಿಡಿಸಬಲ್ಲುದಾಯಿತು. ೨೦೨೩ರ ಐದನೆಯ ಪೈಯಲ್ಲಿ ಒಂದು ವಿಚಿತ್ರವಿದೆ: ಎಚ್.೨೬೫ಕ್ಕೆ ಮೀಸಲಾದ ಭಾಗವಿದೆ, ಎಚ್.೨೬೪ಕ್ಕೆ ಇಲ್ಲ! ಪ್ರೊಸೆಸರು ಮೊದಲಿನದಕ್ಕಿಂತ ಬಹಳ ಬಲವಾಗಿರುವುದರಿಂದ ಫುಲ್ ಎಚ್.ಡಿ.ವರೆಗೆ ಅದೇ ನಿಭಾಯಿಸುತ್ತದೆಂಬುದು ತಯಾರಕರ ಲೆಕ್ಕ. ಎವಿ೧ಕ್ಕೆ ಎರಡರಲ್ಲಿಯೂ ಅನುಕೂಲವಿಲ್ಲ.

ಇಂಟೆಲ್ ಚಿಪ್ಪಿನ ಗಣಕಗಳಲ್ಲಿ ತಲೆಮಾರನ್ನು ನೋಡಬೇಕು. ಕಚೇರಿಗಳಲ್ಲಿ ಬಳಸಿ ಬಿಟ್ಟ ಡೆಲ್, ಎಚ್.ಪಿ., ಲೆನೋವೋ ಸಂಸ್ಥೆಗಳ ಪುಸ್ತಕದ ಗಾತ್ರದ ಗಣಕಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಸೆಕೆಂಡ್‌ಹ್ಯಾಂಡಾಗಿ ದೊರೆಯುತ್ತವೆ. ಗಟ್ಟಿಮುಟ್ಟಾದ ಯಂತ್ರಗಳವು, ಅಲ್ಪವೆಚ್ಚದಲ್ಲಿ ಕೆಲಸ ಸಾಧಿಸಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯು ಬಹಳವಿಲ್ಲ. ಆದರೆ ಆರನೆಯ ತಲೆಮಾರಿನ ಚಿಪ್ಪು ಎಚ್.೨೬೫ರ ಸಾಮಾನ್ಯ ಬಗೆಯನ್ನಷ್ಟೇ ತಾನಾಗಿ ಬಿಡಿಸುತ್ತದೆ. ಇಂದಿನ ೪ಕೆ ಚಿತ್ರಗಳಲ್ಲಿ ಬಳಕೆಯಲ್ಲಿರುವ ಹತ್ತು ಬಿಟ್ಟಿನ ಬಗೆಯು ಏಳನೆಯ ತಲೆಮಾರಿನಿಂದ ಸಾಧ್ಯವಾಯಿತು, ಎವಿ೧ ಹನ್ನೊಂದನೆಯದರಿಂದ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ವಿಂಡೋಸ್ ೧೧ ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ ಎಂಟನೆಯ ತಲೆಮಾರು ಮತ್ತು ಅದರ ಮುಂದಿನ ಚಿಪ್ಪುಗಳನ್ನು. ಹಾಗೆಂದು ಏಳನೆಯ ತಲೆಮಾರಿನ ಯಂತ್ರವು ನಿರುಪಯುಕ್ತವಲ್ಲ. ಅದಕ್ಕೆ ಲಿನಕ್ಸ್ ಆಧಾರಿತವಾದ ಲಿಬ್ರೆಎಲೆಕ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿದರೆ ಗುಂಡಿ ಒತ್ತಿದೊಡನೆ ನೇರವಾಗಿ ಕೋಡಿಯೇ ತೆರೆದುಕೊಳ್ಳುತ್ತದೆ. ೨೦೨೩ರ ಆರಂಭದಲ್ಲಿ ಬಂದ ಎನ್೧೦೦ ಎಂಬ ಆರು ವ್ಯಾಟಿನ ಇಂಟೆಲ್ ಚಿಪ್ಪು ಎವಿ೧ರವರೆಗೆ ಮೇಲೆ ಹೇಳಿದ ಎಲ್ಲವನ್ನೂ ಬಿಡಿಸಬಲ್ಲುದು. ಹೊಸತನ್ನೇ ಕೊಳ್ಳುವವರಿಗೆ ಈ ಚಿಪ್ಪಿನ ಗಣಕವು ಹದವಾದ ಆಯ್ಕೆಯೆನ್ನಬೇಕು. ಮ್ಯಾಕ್ ಮಿನಿಯು ಶಾಂತವಾದ, ಸುಂದರವಾದ ಯಂತ್ರವೇ ಸರಿ. ಆದರೆ ಬರಿಯ ಚಿತ್ರ ನೋಡುವ ಕೆಲಸಕ್ಕೆ ಅದು ಬೆಣ್ಣೆ ಕಡೆಯಲು ಬಂಗಾರದ ಕಡಗೋಲು ತಂದಂತೆ.

ಎರಡನೆಯ ಸಂಗತಿಯು ಸೂಕ್ಷ್ಮವಾದುದು. ಅಂಗಡಿಯವರೂ ಇದನ್ನು ಹೇಳುವುದಿಲ್ಲ. ಸಿನೆಮಾ ಸೆಕೆಂಡಿಗೆ ೨೪ ಫ್ರೇಮುಗಳದು. ಗಣಕವು ಸಾಮಾನ್ಯವಾಗಿ ಪರದೆಯನ್ನು ಸೆಕೆಂಡಿಗೆ ೬೦ ಸಲ ಬದಲಿಸುತ್ತದೆ. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಬಾರದುದರಿಂದ ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ, ಹೀಗೆ ಕುಂಟುತ್ತ ತೋರಿಸಬೇಕಾಗುತ್ತದೆ. ಕ್ಯಾಮರಾ ನಿಧಾನವಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುವ ದೃಶ್ಯದಲ್ಲಿ, ಬೆಟ್ಟದ ಸಾಲೋ ಗುಡಿಯ ಗೋಪುರವೋ ಸಣ್ಣಗೆ ತೊಡರಿದಂತೆ ಕಾಣುವುದು ಇದರಿಂದಲೇ. ನಮ್ಮ ದೇಶದ ದೂರದರ್ಶನವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಫ್ರೇಮುಗಳು. ಇಲ್ಲಿಯ ಹಳೆಯ ಧಾರಾವಾಹಿಗಳು, ಮನೆಯ ವಿಡಿಯೋಗಳು, ಪಾಲ್ ಪದ್ಧತಿಯ ವಿ.ಸಿ.ಡಿ.ಗಳು ಎಲ್ಲವೂ ಈ ಲೆಕ್ಕದವು. ಅವನ್ನು ೬೦ರ ಪರದೆಯ ಮೇಲೆ ತೋರಿಸಿದರೆ ಎರಡು, ಎರಡು, ಮೂರು, ಎರಡು, ಮೂರು ಎಂಬ ಇನ್ನಷ್ಟು ತೊಡಕಿನ ಕುಂಟುನಡಿಗೆಯಾಗುತ್ತದೆ. ಇದಕ್ಕೆ ಮದ್ದು ಸುಲಭ. ಚಿತ್ರವು ೨೪ರದಾದರೆ ಪರದೆಯನ್ನೂ ೨೪ಕ್ಕೆ, ೨೫ರದಾದರೆ ೫೦ಕ್ಕೆ ಗಣಕವು ತಾನಾಗಿ ಬದಲಿಸಿಕೊಳ್ಳಬೇಕು. ಕೋಡಿಯಲ್ಲಿ ಇದಕ್ಕೆ ಒಂದು ಆಯ್ಕೆಯಿದೆ. ಆದರೆ ಅದನ್ನು ನಾವೇ ಹೋಗಿ ಆನ್ ಮಾಡಬೇಕು. ಗಣಕ, ಟಿ.ವಿ. ಎರಡೂ ಅದಕ್ಕೆ ಒಪ್ಪುವಂತಿರಬೇಕು. ಅನೇಕ ಚಿತ್ರಗಳ ನಿಜವಾದ ವೇಗವು ೨೪ ಅಲ್ಲ, ೨೩.೯೭೬. ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾದೀತೆಂದರೆ, ೨೦೧೦ರ ಸುಮಾರಿನ ಕೆಲವು ಇಂಟೆಲ್ ಗಣಕಗಳು ಸರಿಯಾಗಿ ೨೪ರಲ್ಲಿಯೇ ಪರದೆಯನ್ನು ಓಡಿಸುತ್ತಿದ್ದುದರಿಂದ ಸುಮಾರು ನಲವತ್ತು ಸೆಕೆಂಡಿಗೊಮ್ಮೆ ಚಿತ್ರವು ಮುಗ್ಗರಿಸುತ್ತಿತ್ತು. ಕಣ್ಣಿಗೆ ಒಮ್ಮೆ ಅದು ಬಿದ್ದರಾಯಿತು, ಮುಂದೆ ಚಿತ್ರದ ಕಥೆಯ ಕಡೆಗೆ ಗಮನವೇ ಹೋಗುವುದಿಲ್ಲ.

ಹಳೆಯ ಕ್ಯಾಸೆಟ್ಟುಗಳ ಮಾತು ಬಂದುದರಿಂದ ಅದನ್ನೂ ಇಲ್ಲಿಯೇ ಹೇಳಬೇಕು. ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ಟು ಅನೇಕ ಮನೆಗಳಲ್ಲಿ ಕಪಾಟಿನ ಮೂಲೆಯಲ್ಲಿದೆ. ಅದರಲ್ಲಿ ತೀರಿಹೋದ ಹಿರಿಯರ ನಡೆನುಡಿಗಳಿವೆ. ಬೇರೆಲ್ಲಿಯೂ ಸಿಗದ ಧ್ವನಿಗಳಿವೆ. ವಿ.ಸಿ.ಆರ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಸಂಸ್ಥೆಯು ೨೦೧೬ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಟೇಪಿನ ಕಾಂತಲೇಪವೂ ವರ್ಷದಿಂದ ವರ್ಷಕ್ಕೆ ಸವೆಯುತ್ತಲೇ ಇರುತ್ತದೆ. ಹೀಗಿರಲಾಗಿ ಅವನ್ನು ಬೇಗನೆ ಫೈಲಿಗೆ ಇಳಿಸಿಕೊಳ್ಳುವುದು ಗಣಕ ಕೊಳ್ಳುವುದಕ್ಕಿಂತಲೂ ಅವಸರದ ಕೆಲಸ. ಆದರೆ ಇಳಿಸಿದ ಮೇಲೆ ಒಂದು ತೊಂದರೆ ಎದುರಾಗುತ್ತದೆ. ಆ ಚಿತ್ರಗಳಲ್ಲಿ ಒಂದೊಂದು ಫ್ರೇಮೂ ಎರಡು ಭಾಗವಾಗಿರುತ್ತದೆ; ಮೊದಲು ಒಂದು ಬಿಟ್ಟು ಒಂದು ಗೆರೆಗಳು, ಬಳಿಕ ಉಳಿದ ಗೆರೆಗಳು, ಹೀಗೆ ಸೆಕೆಂಡಿಗೆ ೫೦ ಅರ್ಧಚಿತ್ರಗಳು. ಹಳೆಯ ಗಾಜಿನ ಕೊಳವೆಯ ಟಿ.ವಿ.ಗೆ ಇದು ಸಹಜವಾಗಿತ್ತು. ಇಂದಿನ ಪರದೆಯ ಮೇಲೆ ಎರಡು ಅರ್ಧಗಳನ್ನೂ ಒಟ್ಟಿಗೆ ಇಟ್ಟರೆ, ಕೈ ಬೀಸಿದಾಗ ಅಕ್ಷತೆ ಎರಚಿದಾಗ ಅಂಚೆಲ್ಲ ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತದೆ. ಈ ಅರ್ಧಗಳನ್ನು ಬಿಡಿಸಿ, ನಡುವಿನ ಗೆರೆಗಳನ್ನು ಊಹಿಸಿ ತುಂಬುವ ಕೆಲಸಕ್ಕೆ ಡಿಇಂಟರ್ಲೇಸಿಂಗ್ ಎಂದು ಹೆಸರು. ಇಂಟೆಲ್ ಗಣಕಗಳ ಚಿತ್ರವಿಭಾಗವು ಇದನ್ನು ಚೆನ್ನಾಗಿ ಮಾಡುತ್ತದೆ. ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿಯೇ ಸೋಲುತ್ತವೆ.

ಈ ಅಗ್ಗದ ಪೆಟ್ಟಿಗೆಗಳ ವಿಷಯದಲ್ಲಿ ಬೇರೊಂದು ಎಚ್ಚರವೂ ಬೇಕು. ಹೆಸರಿಲ್ಲದ ತಯಾರಕರ ಕೆಲವು ಪೆಟ್ಟಿಗೆಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ ದುಷ್ಟ ತಂತ್ರಾಂಶವು ಸೇರಿಕೊಂಡಿರುವುದು ೨೦೨೩ರಲ್ಲಿ ಬೆಳಕಿಗೆ ಬಂದಿತು. ಬ್ಯಾಡ್‌ಬಾಕ್ಸ್ ಎಂಬ ಹೆಸರಿನ ಈ ಜಾಲದ ಕುರಿತು ಅಮೆರಿಕದ ಎಫ್.ಬಿ.ಐ. ೨೦೨೫ರ ಜೂನ್ ತಿಂಗಳಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆಯನ್ನು ಪ್ರಕಟಿಸಿತು. ಮುಂದಿನ ತಿಂಗಳಲ್ಲಿ ಗೂಗಲ್ ಸಂಸ್ಥೆಯು ನ್ಯಾಯಾಲಯಕ್ಕೆ ಹೋದಾಗ ಒಂದು ಕೋಟಿಗೂ ಮಿಕ್ಕ ಉಪಕರಣಗಳು ಇದಕ್ಕೆ ಸಿಕ್ಕಿವೆಯೆಂದು ತಿಳಿಸಿತು. ಇಂಥ ಪೆಟ್ಟಿಗೆಯು ಮನೆಯವರಿಗೆ ಚಿತ್ರ ತೋರಿಸುತ್ತಲೇ ಅವರ ಇಂಟರ್ನೆಟ್ ಸಂಪರ್ಕವನ್ನು ಅವರಿಗೆ ಅರಿವಿಲ್ಲದೆ ಪರರ ಅಪರಾಧಗಳಿಗೆ ದಾರಿಯಾಗಿ ಒದಗಿಸುತ್ತದೆ. ಅದೇ ಸಂಪರ್ಕದಲ್ಲಿ ಮಕ್ಕಳ ಪಾಠವೂ ಬ್ಯಾಂಕಿನ ವ್ಯವಹಾರವೂ ನಡೆಯುತ್ತಿರುತ್ತದೆ. ಎಲ್ಲ ಚಾನೆಲ್ಲುಗಳೂ ಪುಕ್ಕಟೆ ಎಂದು ಹೇಳಿ ಮಾರುವ ಪೆಟ್ಟಿಗೆಯ ಅಗ್ಗದ ಬೆಲೆಗೆ ಮಾರುಹೋಗುವ ಮೊದಲು ಇದನ್ನು ನೆನೆಯಬೇಕು.

ಸ್ವಂತ ಸಂಗ್ರಹದ ಜೊತೆಗೆ ಚಂದಾ ಸೇವೆಗಳನ್ನೂ ಅದೇ ಗಣಕದಲ್ಲಿ ನೋಡಬಯಸುವವರು ಇನ್ನೊಂದು ತಡೆಯನ್ನು ತಿಳಿದಿರಬೇಕು. ಆ ಸೇವೆಗಳ ಚಿತ್ರಗಳಿಗೆ ಬೀಗವಿರುತ್ತದೆ. ವೈಡ್‌ವೈನ್ ಎಂಬ ಬೀಗದಲ್ಲಿ ಮೂರು ಮಟ್ಟಗಳಿವೆ. ಚಿಪ್ಪಿನೊಳಗೆಯೇ ರಕ್ಷಣೆಯಿರುವ ಎಲ್-೧ ಮಟ್ಟದ ಉಪಕರಣಗಳಿಗೆ ಸೇವೆಗಳು ಸಾಮಾನ್ಯವಾಗಿ ೪ಕೆ ಚಿತ್ರವನ್ನು ಕೊಡುತ್ತವೆ; ಲಿನಕ್ಸ್ ಗಣಕದ ಬ್ರೌಸರಿನಲ್ಲಿ ದೊರೆಯುವ ಎಲ್-೩ಕ್ಕೆ ಕಡಿಮೆ ಗುಣಮಟ್ಟದ್ದನ್ನು. ಗಣಕದ ದೋಷವಲ್ಲವಿದು. ಇದಕ್ಕಾಗಿ ಹೆಚ್ಚು ಬೆಲೆಯ ಗಣಕವನ್ನು ಕೊಂಡರೂ ಪ್ರಯೋಜನವಾಗದು. ಚಂದಾ ಸೇವೆಗಳನ್ನು ಟಿ.ವಿ.ಗೇ ಬಿಟ್ಟು ಸ್ವಂತ ಸಂಗ್ರಹಕ್ಕೆ ಮಾತ್ರ ಗಣಕವನ್ನು ಬಳಸುವುದು ಜಾಣತನ.

ಗಣಕವನ್ನು ಟಿ.ವಿ.ಗೆ ಜೋಡಿಸುವ ಎಚ್.ಡಿ.ಎಂ.ಐ. ತಂತಿಯಲ್ಲಿಯೂ ತಲೆಮಾರುಗಳಿವೆ. ೨೦೦೯ರ ೧.೪ನೆಯ ಆವೃತ್ತಿಯಲ್ಲಿ ೪ಕೆ ಚಿತ್ರವು ಸೆಕೆಂಡಿಗೆ ೩೦ ಫ್ರೇಮುಗಳವರೆಗೆ ಮಾತ್ರ, ೨೦೧೩ರ ೨.೦ದಲ್ಲಿ ೬೦ರವರೆಗೆ. ಹಳೆಯ ಕಚೇರಿಗಣಕಗಳಲ್ಲಿ ಎಷ್ಟೋ ಸಲ ಎಚ್.ಡಿ.ಎಂ.ಐ. ಕಿಂಡಿಯೇ ಇರದೆ ಡಿಸ್‌ಪ್ಲೇಪೋರ್ಟ್ ಇರುತ್ತದೆ. ಅದಕ್ಕೆ ಬೇರೆ ಪರಿವರ್ತಕ ಬೇಕು. ನಾಲ್ಕನೆಯ ಮತ್ತು ಐದನೆಯ ಪೈಗಳಲ್ಲಿರುವುದು ಮೈಕ್ರೋ ಎಚ್.ಡಿ.ಎಂ.ಐ.; ಮನೆಯಲ್ಲಿರುವ ತಂತಿಯು ಅದಕ್ಕೆ ಹಿಡಿಯದು. ಆದರೆ ಪೈಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಸಿ.ಇ.ಸಿ. ಎಂಬ ಸಂಕೇತವು ಅದೇ ತಂತಿಯ ಮೂಲಕ ಹರಿಯುವುದರಿಂದ ಟಿ.ವಿ.ಯ ರಿಮೋಟಿನಿಂದಲೇ ಗಣಕವನ್ನೂ ನಡೆಸಬಹುದು. ಸಾಮಾನ್ಯ ಗಣಕಗಳಲ್ಲಿ ಬಹುಮಟ್ಟಿಗೆ ಇದಿಲ್ಲ. ಕೀಲಿಮಣೆಯನ್ನೋ ಇನ್ನೊಂದು ರಿಮೋಟನ್ನೋ ಇಟ್ಟುಕೊಳ್ಳಬೇಕು. ಮನೆಯ ಅಜ್ಜಿಯು ತನ್ನ ಮೊಮ್ಮಗನನ್ನು ಕರೆಯದೆ ತಾನೇ ಭಕ್ತಿಗೀತೆ ಹಾಕಿಕೊಳ್ಳಬಲ್ಲಳೇ ಇಲ್ಲವೇ ಎಂಬುದು ಈ ಒಂದು ಅಂಶವನ್ನು ಅವಲಂಬಿಸಿದೆ.

ಧ್ವನಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆಂಪ್ಲಿಫೈಯರ್ ಇದ್ದರೆ ಗಣಕದ ತಂತಿಯನ್ನು ಮೊದಲು ಅದಕ್ಕೆ ಜೋಡಿಸಿ, ಅಲ್ಲಿಂದ ಟಿ.ವಿ.ಗೆ ಒಯ್ಯುವುದು ಒಳ್ಳೆಯದು. ಟಿ.ವಿ.ಯಿಂದ ಹಿಂದಕ್ಕೆ ಧ್ವನಿಯನ್ನು ತರುವ ಎ.ಆರ್.ಸಿ. ದಾರಿಯು ಇಕ್ಕಟ್ಟಾದುದು, ಬ್ಲೂ-ರೇಯ ಉತ್ತಮ ಧ್ವನಿಯು ಅದರಲ್ಲಿ ಇಡಿಯಾಗಿ ಸಾಗದು.

ಇನ್ನು ಸದ್ದು, ಶಾಖ, ವಿದ್ಯುತ್ತು. ವೀಣೆಯ ಆಲಾಪನೆಯ ನಡುವಣ ಮೌನದಲ್ಲಿ ಫ್ಯಾನಿನ ಗುಂಯ್ ಎಂಬ ನಾದವು ಕೇಳಿಬಂದರೆ ಸಾವಿರಾರು ರೂಪಾಯಿಗಳ ಸ್ಪೀಕರು ವ್ಯರ್ಥವಾದಂತೆಯೇ. ಫ್ಯಾನಿಲ್ಲದ ಗಣಕಗಳೂ ಇವೆ. ಅವು ತಮ್ಮ ಲೋಹದ ಮೈಯಿಂದಲೇ ಶಾಖವನ್ನು ಬಿಡುವುದರಿಂದ ಅವನ್ನು ಮುಚ್ಚಿದ ಶೋಕೇಸಿನಲ್ಲಿಟ್ಟು ಮೇಲೆ ಕಸೂತಿಯ ಬಟ್ಟೆ ಹೊದಿಸಬಾರದು. ಬಯಲುಸೀಮೆಯ ಧೂಳಿನಲ್ಲಿ ಫ್ಯಾನಿರುವ ಗಣಕವನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಶುಚಿಮಾಡಿಸಬೇಕು. ಚಿತ್ರ ತೋರಿಸುವಾಗ ೮೦ ವ್ಯಾಟ್ ಎಳೆಯುವ ಹಳೆಯ ದೊಡ್ಡ ಗಣಕವನ್ನು ದಿನಕ್ಕೆ ಐದು ತಾಸು ನಡೆಸಿದರೆ ವರ್ಷಕ್ಕೆ ೧೪೬ ಯುನಿಟ್ಟು. ೧೦ ವ್ಯಾಟಿನ ಕಿರುಗಣಕವಾದರೆ ಸುಮಾರು ೧೮. ಆದರೆ ಆ ಕಿರುಗಣಕವನ್ನೇ ಆರಿಸದೆ ಹಗಲಿರುಳೂ ೧೦ ವ್ಯಾಟಿನಲ್ಲಿ ಬಿಟ್ಟರೆ ೮೭ ಯುನಿಟ್ಟು ದಾಟುತ್ತದೆ. ಕರೆಂಟು ಹಠಾತ್ತಾಗಿ ಹೋಗುವ ಊರುಗಳಲ್ಲಿ ಪೈಯಂಥ ಯಂತ್ರದ ಮೆಮರಿ ಕಾರ್ಡು ಕೆಟ್ಟು, ಮರುದಿನ ಗಣಕವು ಏಳದೇ ಇರಬಹುದು. ಸಣ್ಣ ಯು.ಪಿ.ಎಸ್. ಒಂದನ್ನು ಜೋಡಿಸಿದರೆ, ಇಲ್ಲವೆ ಕಾರ್ಡಿನ ಬದಲು ಎಸ್.ಎಸ್.ಡಿ. ಹಾಕಿದರೆ ಈ ಭಯವು ಕಡಿಮೆಯಾಗುತ್ತದೆ. ಪೈಯ ಫಲಕದ ಬೆಲೆಯೊಂದನ್ನೇ ನೋಡಿ ಅಗ್ಗವೆಂದು ತಿಳಿಯುವುದೂ ಸರಿಯಲ್ಲ. ಐದನೆಯ ಪೈಗೆ ೨೭ ವ್ಯಾಟಿನ ಅಡಾಪ್ಟರ್, ತಣಿಸುವ ಫ್ಯಾನು, ಡಬ್ಬಿ, ಕಾರ್ಡು, ತಂತಿ ಇವೆಲ್ಲವನ್ನೂ ಕೂಡಿಸಿ ನೋಡಿ, ಆ ಮೊತ್ತವನ್ನು ಸೆಕೆಂಡ್‌ಹ್ಯಾಂಡ್ ಕಚೇರಿಗಣಕದ ಬೆಲೆಯೊಡನೆ ತೂಗಬೇಕು.

ಚಿತ್ರಗಳನ್ನು ಇಡುವ ದೊಡ್ಡ ಹಾರ್ಡ್ ಡಿಸ್ಕನ್ನು ಬೇರೆ ಕೋಣೆಯಲ್ಲಿಟ್ಟು ನೆಟ್‌ವರ್ಕ್ ತಂತಿಯಿಂದ ಜೋಡಿಸಿದರೆ ಅದರ ಸದ್ದೂ ಪಡಸಾಲೆಗೆ ಬರುವುದಿಲ್ಲ. ೪ಕೆ ಬ್ಲೂ-ರೇಯ ಚಿತ್ರವು ಕೆಲವೆಡೆ ಸೆಕೆಂಡಿಗೆ ನೂರು ಮೆಗಾಬಿಟ್ಟನ್ನೂ ಮೀರಬಲ್ಲುದಾದುದರಿಂದ ಗಣಕದ ಕಿಂಡಿ, ರೌಟರ್ ಎರಡೂ ಗಿಗಾಬಿಟ್ ವೇಗದವಾಗಿರಬೇಕು. ಮದುವೆಯ ಚಿತ್ರದಂಥ ಒಂದೇ ಒಂದು ಪ್ರತಿಯಿರುವ ಫೈಲುಗಳನ್ನು ಮಾತ್ರ ಎರಡು ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿ, ಅಣ್ಣತಮ್ಮಂದಿರಲ್ಲಿಯೋ ಅಕ್ಕತಂಗಿಯರಲ್ಲಿಯೋ, ಇರಿಸುವುದು ಕ್ಷೇಮ.

ಕೊಳ್ಳುವ ದಿನ ಒಂದು ಪೆನ್‌ಡ್ರೈವಿನಲ್ಲಿ ನಾಲ್ಕು ಫೈಲುಗಳನ್ನು ಹಾಕಿಕೊಂಡು ಅಂಗಡಿಗೆ ಹೋಗಬೇಕು: ಹತ್ತು ಬಿಟ್ಟಿನ ಎಚ್.೨೬೫ರ ಒಂದು ೪ಕೆ ತುಣುಕು, ಮನೆಯ ಹಳೆಯ ವಿಡಿಯೋದ ಒಂದು ತುಣುಕು, ಕ್ಯಾಮರಾ ನಿಧಾನವಾಗಿ ಹೊರಳುವ ಒಂದು ಸಿನೆಮಾ ದೃಶ್ಯ, ಕನ್ನಡದಲ್ಲಿ ಹೆಸರು ಬರೆದ ಒಂದು ಹಾಡು. ಕೊನೆಯದೇಕೆಂದರೆ ಕೆಲವು ಯಂತ್ರಗಳಲ್ಲಿ ನಮ್ಮ ಲಿಪಿಯ ಒತ್ತಕ್ಷರಗಳು ಮೂಲಾಕ್ಷರದಿಂದ ಬೇರ್ಪಟ್ಟು, ಓದಲಾಗದಂತೆ ಚೆಲ್ಲಾಡಿಹೋಗುತ್ತವೆ. ನಾಲ್ಕನ್ನೂ ಹತ್ತು ಹತ್ತು ನಿಮಿಷ ನಡೆಸಿ ನೋಡಿ, ಆಮೇಲೆ ಯಂತ್ರದ ಮೇಲೆ ಅಂಗೈ ಇಟ್ಟು ಶಾಖವನ್ನೂ, ಕಿವಿಯಿಟ್ಟು ಸದ್ದನ್ನೂ ಪರೀಕ್ಷಿಸಬೇಕು. ಇಷ್ಟಕ್ಕೆ ಅವಕಾಶ ಕೊಡದ ಅಂಗಡಿಯಾದರೆ ಅದೇ ಬೀದಿಯ ಮುಂದಿನ ಅಂಗಡಿಗೆ ಹೋಗಬಹುದು.